ಅಕ್ಕನ ಊರಿಗೆ ಹೋದ ನೀರು

ನನ್ನ ಅಕ್ಕನನ್ನು ಕಡಲೂರಿಗೆ ಕೊಟ್ಟಿದ್ದಾರೆ. ಕೊಟ್ಟಿದ್ದಾರೆ ಅನ್ನುವುದು ಬರೀ ಮಾತಿಗೆ, ಅವಳೇ ಹೋದದ್ದು. ರೈಲ್ವೆ ಕೆಲಸದ ಮೇಲೆ ಬೆಂಗಳೂರಿಗೆ ಬಂದು ನಮ್ಮ ಬೀದಿಯಲ್ಲಿ ಬಾಡಿಗೆಗಿದ್ದ ತಮಿಳು ಹುಡುಗನನ್ನು ಮೆಚ್ಚಿಕೊಂಡಳು. ಅಪ್ಪ ಮಾತು ಬಿಟ್ಟರೂ ಜಗ್ಗಲಿಲ್ಲ. ಕೊನೆಗೆ ಅಪ್ಪನೇ ಸೋತು, ಮನೆಯಲ್ಲಿ ಬುದ್ಧನ ಪಟದ ಮುಂದೆ ಇಬ್ಬರಿಗೂ ಹಾರ ಬದಲಾಯಿಸಿದರು. ಭಾವನಿಗೆ ಸ್ವಂತ ಊರಿಗೆ ವರ್ಗವಾದಾಗ ಅಕ್ಕನೂ ಹೊರಟುಹೋದಳು. ಈಗ ಭಾವ ನಿವೃತ್ತರು. ಅವರ ಕನ್ನಡ ಬಿಳೇಕಹಳ್ಳಿಯಲ್ಲಿ ಕಲಿತದ್ದು, ಸಮುದ್ರದ ಗಾಳಿಗೆ ಸ್ವಲ್ಪ ತುಕ್ಕು ಹಿಡಿದಿದೆ. ಆದರೂ ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾರೆ, ಅದರಲ್ಲಿ ಅವರಿಗೆ ಹೆಮ್ಮೆ.

ನಾನು ಮಾತ್ರ ಹುಟ್ಟಿದ್ದೂ ಬಿಳೇಕಹಳ್ಳಿಯಲ್ಲೇ, ಮದುವೆಯಾಗಿ ಬಂದದ್ದೂ ಬಿಳೇಕಹಳ್ಳಿಗೇ. ಬೀದಿ ಬದಲಾಯಿತು, ಅಷ್ಟೆ. ಮನೆಯ ನೆಲಮಹಡಿಯಲ್ಲಿ ನನ್ನ ಟೈಲರಿಂಗ್ ಅಂಗಡಿ ಇದೆ. ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಾಕಿ ಕುಚ್ಚು ಕಟ್ಟಿಕೊಡುತ್ತೇನೆ. ಮೊದಲ ಮಹಡಿಯಲ್ಲಿ ನಾನು, ನನ್ನ ಯಜಮಾನರು, ಅತ್ತೆ. ಅದರ ಮೇಲೆ ಕೆಲಸಕ್ಕೆ ಹೋಗುವ ಹುಡುಗಿಯರು ಬಾಡಿಗೆಗಿದ್ದಾರೆ. ನಮ್ಮ ರಸ್ತೆ ಮಡಿವಾಳ ಕೆರೆಯ ಕಡೆಗೆ ಇಳಿಜಾರು. ಸೈಕಲ್ ಹತ್ತಿ ಕೂತರೆ ತುಳಿಯುವ ಕೆಲಸವಿಲ್ಲ, ಅದೇ ಕೆಳಗೆ ಕರೆದುಕೊಂಡು ಹೋಗುತ್ತದೆ.

ಕಾರ್ತಿಕ ಮಾಸ ಬಂತೆಂದರೆ ನಾನೂ ಅಕ್ಕನೂ ಫೋನಿನಲ್ಲಿ ಮಾತಾಡುವುದು ಹೆಚ್ಚು. ಬಂಗಾಳ ಕೊಲ್ಲಿಯಲ್ಲಿ ಏನಾದರೊಂದು ಎದ್ದೇ ಏಳುತ್ತದೆ. ಅವಳಿಗೆ ಅದು ಗಾಳಿ, ಕರೆಂಟ್ ಇಲ್ಲದ ಮನೆ, ಹಾರುವ ಶೀಟು. ನಮಗೆ ಅದು ಬೂದು ಆಕಾಶ, ಸ್ವೆಟರು, ಸಂಜೆ ಮೆಣಸಿನಕಾಯಿ ಬಜ್ಜಿ. ಇಷ್ಟು ವರ್ಷದಲ್ಲಿ ಚಂಡಮಾರುತ ಎಂದರೆ ನನಗೆ ಒಣಗದ ಬಟ್ಟೆ ಅಷ್ಟೇ ಆಗಿತ್ತು. ನೆನೆಸಿಟ್ಟ ಫಾಲ್ಸ್ ಬಟ್ಟೆ ಆರುವುದಿಲ್ಲ, ಇಸ್ತ್ರಿ ಹಾಕಿ ಹಾಕಿ ಒಣಗಿಸಬೇಕು.

"ನಿಮಗೇನೇ, ಕೂತ್ಕೊಂಡು ಬಜ್ಜಿ ತಿಂತೀರಾ," ಎನ್ನುತ್ತಿದ್ದಳು ಅಕ್ಕ. "ಇಲ್ಲಿ ನಮ್ಮ ತೆಂಗಿನ ಮರ ಬಗ್ಗಿ ಬಗ್ಗಿ ನಮಸ್ಕಾರ ಮಾಡ್ತಾ ಇದೆ."

ನಾನು ಹೇಳಹೊರಟಿರುವುದು ಈಚೆಗೆ ಒಂದು ವರ್ಷ ನಡೆದದ್ದು. ಮದುವೆ ಸೀಸನ್ನು. ಜೆ.ಪಿ. ನಗರದ ಒಂದು ಮನೆಯವರು ಮಗಳ ಮದುವೆಗೆಂದು ಇಡೀ ಮನೆಯ ಸೀರೆಗಳನ್ನು ನನ್ನ ಹತ್ತಿರ ಇಳಿಸಿಹೋಗಿದ್ದರು. ಹುಡುಗಿಯ ಧಾರೆ ಸೀರೆಯಿಂದ ಹಿಡಿದು ಅವಳ ಸೋದರತ್ತೆಯ ಬ್ಲೌಸಿನ ತನಕ. ಆ ಸೋದರತ್ತೆ ತೋಳಿನ ಉದ್ದದ ಬಗ್ಗೆ ಮನಸ್ಸು ಬದಲಾಯಿಸುತ್ತಲೇ ಇದ್ದರು. ಫೋನು ಬಂದಾಗಲೆಲ್ಲ ತೋಳು ಉದ್ದವಾಗುತ್ತಿತ್ತು, ಇಲ್ಲವೇ ಗಿಡ್ಡವಾಗುತ್ತಿತ್ತು.

ಒಂದು ಬೆಳಿಗ್ಗೆ ಟಿವಿಯಲ್ಲಿ, ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಹೇಳತೊಡಗಿದರು. ಅತ್ತೆ ಅವರೆಕಾಯಿ ಸುಲಿಯುತ್ತ ಕೂತಿದ್ದರು.

"ವಾಯು ಭಾರ ಕುಸಿದ್ರೆ ಒಳ್ಳೇದೇ ತಾನೇ?" ಎಂದರು. "ನಂಗೂ ಇವತ್ತು ಹೊಟ್ಟೆ ಹಗುರ ಆಗಿದೆ."

ಅದು ಬೇರೆ ವಾಯು ಎಂದು ಹೇಳುವುದರೊಳಗೆ ನಮಗೆಲ್ಲ ನಗು ಬಂದು, ಸುದ್ದಿ ಮುಂದಕ್ಕೆ ಹೋಗಿತ್ತು. ಸಂಜೆಗೆ ಅದು ಚಂಡಮಾರುತವಾಯಿತು. ಅಕ್ಕನ ಊರಿನ ಕರಾವಳಿಗೇ ಅಪ್ಪಳಿಸುತ್ತದೆ ಎಂದರು. ಅಕ್ಕ ಫೋನು ಮಾಡಿ, ಬಕೆಟ್ಟು ಕೊಡಗಳನ್ನೆಲ್ಲ ತುಂಬಿಸಿಟ್ಟಿದ್ದೇನೆ, ಮೇಣದಬತ್ತಿ ತಂದಿದ್ದೇನೆ, ನಿನ್ನ ಭಾವ ಬಿಸ್ಕತ್ತು ಮಾತ್ರ ತಂದಿದ್ದಾರೆ ಎಂದಳು. ಆಮೇಲೆ ಅವಳ ಫೋನು ಸಿಗಲಿಲ್ಲ.

ಫೋನು ಸಿಗದಿದ್ದರೆ ಕೈ ಮಷೀನಿನ ಮೇಲಿದ್ದರೂ ಮನಸ್ಸು ಅಲ್ಲಿರುವುದಿಲ್ಲ. ಮದುವಣಗಿತ್ತಿಯ ಬ್ಲೌಸಿಗೆ ಎಡತೋಳನ್ನು ಬಲಕ್ಕೆ ಜೋಡಿಸಿ, ಬಿಚ್ಚಿ, ಮತ್ತೆ ಹೊಲಿದೆ. ಯಜಮಾನರು ಬಿಟಿಎಂ ಲೇಔಟಿನಲ್ಲಿ ನೀರಿನ ಮೋಟರ್ ರಿಪೇರಿ ಮಾಡುತ್ತಾರೆ. ಅವರೂ ಅಂಗಡಿಯಿಂದಲೇ ಆಗಾಗ ಭಾವನ ನಂಬರಿಗೆ ಫೋನು ಮಾಡುತ್ತಿದ್ದರು. ಇಲ್ಲಿ ನಮ್ಮ ಮೇಲೆ ತುಂತುರು ಅಷ್ಟೇ. ಅಂಥ ಸಾಧು ಮಳೆಯನ್ನು ನೋಡುತ್ತ, ಅದೇ ಮೋಡದ ಇನ್ನೊಂದು ತುದಿಯಲ್ಲಿ ಅಕ್ಕನ ಮನೆಯ ಕಿಟಕಿ ಬಡಿದುಕೊಳ್ಳುತ್ತಿದೆ ಎಂದು ನಂಬುವುದೇ ಕಷ್ಟವಾಗಿತ್ತು.

ಕೊನೆಗೆ ಅಕ್ಕನೇ ಫೋನು ಮಾಡಿದಳು.

"ಬದುಕಿದೀವಿ ಕಣೆ. ಯಾರಿಗೂ ಏನೂ ಆಗಿಲ್ಲ. ಪಕ್ಕದ ಮನೆ ಸಿಂಟೆಕ್ಸ್ ಟ್ಯಾಂಕು ನಮ್ಮ ಹಿತ್ತಲಿಗೆ ಬಂದು ಕೂತಿದೆ. ಅವರು ಬಂದು ನೋಡ್ಕೊಂಡು, ಆಮೇಲೆ ತಗೊಂಡ್ಹೋಗ್ತೀವಿ ಅಂದವ್ರೆ."

ಭಾವ ಫೋನು ಕಿತ್ತುಕೊಂಡರು. "ಎಲ್ಲಾ ಪೋಯಾಚ್ಚು ಮಾ! ಗಾಳಿ ಹೋಯ್ತು. ಈಗ ಅದು ನಿಮ್ಮ ಕಡೆನೇ ಬರ್ತಾ ಇದೆ. ಕಾಫಿ ಕೊಟ್ಟು ಕಳಿಸಿ!"

ನಾವು ನಕ್ಕೆವು. ಟಿವಿಯಲ್ಲೂ ಅದನ್ನೇ ಹೇಳುತ್ತಿದ್ದರು, ಚಂಡಮಾರುತ ದಡ ದಾಟಿ ದುರ್ಬಲಗೊಂಡಿದೆ ಎಂದು. ದುರ್ಬಲ ಎಂದ ಮೇಲೆ ಮುಗಿಯಿತಲ್ಲ ಎಂದುಕೊಂಡು ನಾನು ನೆಮ್ಮದಿಯಾಗಿ ಕುಚ್ಚು ಕಟ್ಟಲು ಕೂತೆ.

ನಮ್ಮ ರಸ್ತೆಯ ಮೇಲ್ತುದಿಯಲ್ಲಿ ಒಬ್ಬರು ಮೇಡಂ ಇದ್ದಾರೆ. ಕಾಲೇಜಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಕಾಟನ್ ಸೀರೆ ಬಿಟ್ಟು ಬೇರೆ ಉಡುವುದಿಲ್ಲ, ಹೊಲಿಸುವ ಬ್ಲೌಸಿಗೆಲ್ಲ ಒಂದೇ ಅಳತೆ, ಒಂದೇ ಕತ್ತು. ಇಂಥ ಗಿರಾಕಿ ನನ್ನ ಪುಣ್ಯ. ಅವತ್ತು ಕೊಡೆ ಮಡಿಸುತ್ತ ಒಳಗೆ ಬಂದವರಿಗೆ, "ಸದ್ಯ, ಸೈಕ್ಲೋನ್ ವೀಕ್ ಆಯ್ತಂತೆ ಮೇಡಂ," ಎಂದೆ.

"ವೀಕ್ ಆಗಿರೋದು ಗಾಳಿ ಕಣಮ್ಮ. ನೀರಲ್ಲ," ಎಂದರು ಅವರು.

ನನಗೆ ಅರ್ಥವಾಗಲಿಲ್ಲ. ಅವರು ಸ್ಟೂಲು ಎಳೆದುಕೊಂಡು ಕೂತರು. ಪಾಠ ಮಾಡಿದವರಿಗೆ ಕೇಳುವವರು ಸಿಕ್ಕರೆ ಮುಖ ಹೇಗೆ ಅರಳುತ್ತದೆ ಎಂದು ಅವತ್ತು ನೋಡಿದೆ.

"ಸಮುದ್ರದ ಮೇಲಿದ್ದಾಗ ಅದು ಬೆಚ್ಚಗಿನ ನೀರು ಕುಡಿದು ಕುಡಿದು ದಪ್ಪ ಆಗಿರುತ್ತೆ. ನೆಲಕ್ಕೆ ಬಂದ ಮೇಲೆ ಕುಡಿಯೋಕೆ ಸಿಗಲ್ಲ, ಜೋರು ಕಮ್ಮಿ ಆಗುತ್ತೆ. ಆದ್ರೆ ಕುಡಿದಿದ್ದನ್ನ ಎಲ್ಲಾದ್ರೂ ಸುರೀಲೇಬೇಕಲ್ಲ? ಬೇಗ ಬೇಗ ಹೋದ್ರೆ ಎಲ್ಲಾ ಕಡೆ ಸ್ವಲ್ಪ ಸ್ವಲ್ಪ. ನಿಧಾನ ಆಯ್ತು ಅನ್ನು, ಒಂದೇ ಕಡೆ ನಿಂತ್ಕೊಂಡು ಸುರಿಯುತ್ತೆ. ಈ ಸಲ ಬಹಳ ನಿಧಾನಕ್ಕೆ ಬರ್ತಾ ಇದೆ."

"ಬೆಂಗಳೂರಿಗಾ?"

"ಬೆಂಗಳೂರು, ಹೊಸೂರು, ಕೃಷ್ಣಗಿರಿ ಗುಡ್ಡ, ಎಲ್ಲಾ ಅದಕ್ಕೆ ಒಂದೇ. ಅದರ ಅಗಲ ಗೊತ್ತಾ ನಿಂಗೆ? ಒಂದು ಸೆರಗು ಸಮುದ್ರದ ಮೇಲಿದ್ರೆ ಇನ್ನೊಂದು ಸೆರಗು ನಮ್ಮ ಮೈಸೂರಿನ ಮೇಲಿರುತ್ತೆ."

ನನಗೋಸ್ಕರ ಸೆರಗಿನ ಭಾಷೆಯಲ್ಲಿ ಹೇಳಿದರು. ಬ್ಲೌಸು ತೆಗೆದುಕೊಂಡು ಹೊರಡುವಾಗ, "ನೆಲದ ಮೇಲೆ ಏನೂ ಇಡಬೇಡ," ಎಂದೂ ಹೇಳಿದರು. ನಾನು ಹೂಂ ಎಂದೆ. ಇಟ್ಟದ್ದು ಇಟ್ಟಲ್ಲೇ ಇತ್ತು.

ಆ ಮಧ್ಯಾಹ್ನದಿಂದ ಮಳೆ ಬೇರೆ ಥರ ಸುರಿಯತೊಡಗಿತು. ಗುಡುಗಿಲ್ಲ, ಮಿಂಚಿಲ್ಲ, ಬೇಸಿಗೆ ಮಳೆಯ ಹಾಗೆ ಹಾರಾಟವಿಲ್ಲ. ಸಮನಾಗಿ, ಒಂದೇ ಸದ್ದಿನಲ್ಲಿ, ನಿಲ್ಲುವ ಯೋಚನೆಯೇ ಇಲ್ಲದ ಹಾಗೆ. ಅದಕ್ಕೆ ಮೊದಲೇ ವಾರಗಟ್ಟಲೆ ಜಡಿ ಹಿಡಿದು ನೆಲವೆಲ್ಲ ನೆಂದು ಮೆತ್ತಗಾಗಿತ್ತು. ಹುಳಿಮಾವಿನ ಕಡೆಯ ಕೆರೆ ತುಂಬಿ ಕೋಡಿ ಹರಿಯುತ್ತಿದೆ ಎಂದು ಯಜಮಾನರು ಊಟಕ್ಕೆ ಬಂದಾಗ ಹೇಳಿದರು. ಅಲ್ಲಿ ಕೋಡಿ ಬಿದ್ದರೆ ಆ ನೀರು ಬರುವುದು ನಮ್ಮ ಕೆರೆಗೇ.

ಬೆಳಿಗ್ಗೆ ಹಾಲು ತರಲು ಕೆಳಗಿಳಿದ ಅತ್ತೆ ಮೆಟ್ಟಿಲಿನಿಂದಲೇ ಕೂಗಿದರು.

"ಲೇ, ಬೀದಿ ಇಲ್ಲ ಕಣೆ!"

ಓಡಿ ಬಂದು ನೋಡಿದೆ. ನಿಜವಾಗಿಯೂ ಬೀದಿ ಇರಲಿಲ್ಲ. ಕಾಫಿ ಬಣ್ಣದ ನೀರು ಆ ಗೋಡೆಯಿಂದ ಈ ಗೋಡೆಯವರೆಗೆ. ವಿಚಿತ್ರವೆಂದರೆ ನೀರು ಮೇಲಿನಿಂದ ಇಳಿದು ಬರುತ್ತಿರಲಿಲ್ಲ, ಕೆರೆಯ ಕಡೆಯಿಂದ ಹತ್ತಿ ಬರುತ್ತಿತ್ತು. ರಾಜಕಾಲುವೆ ತುಂಬಿ, ಮೋರಿಗಳೆಲ್ಲ ಉಲ್ಟಾ ಹರಿದು, ಹೋಗಬೇಕಾದ ನೀರು ವಾಪಸ್ಸು ಬರುತ್ತಿತ್ತು. ನನ್ನ ಅಂಗಡಿಯ ಷಟರಿನ ಕೆಳಗೆ ಆಗಲೇ ನುಗ್ಗಿತ್ತು.

ಓಡಿಹೋಗಿ ಷಟರ್ ಎತ್ತಿದೆ. ಒಳಗೆ ಪಾದ ಮುಳುಗುವಷ್ಟು ನೀರು. ದಾರದ ಉಂಡೆಗಳು ಬಾತುಕೋಳಿಗಳ ಹಾಗೆ ತೇಲುತ್ತಿದ್ದವು. ಮೇಡಂ ಹೇಳಿದ್ದರೂ ನಾನು ನೆಲದ ಮೇಲೇ ಬಿಟ್ಟಿದ್ದ ಲೈನಿಂಗ್ ಬಟ್ಟೆಯ ಗಂಟು ನೆಂದು ಕಲ್ಲಾಗಿತ್ತು. ಆದರೆ ಮದುವೆಯ ಸೀರೆಗಳು ಕಪಾಟಿನಲ್ಲಿದ್ದವು, ಕೆಳಗಿನ ಖಾನೆಗೆ ಇನ್ನೂ ನೀರು ಮುಟ್ಟಿರಲಿಲ್ಲ.

"ಹುಡುಗೀರಾ!" ಎಂದು ಮೇಲಕ್ಕೆ ಕೂಗಿದೆ.

ನೈಟಿಯಲ್ಲೇ ಇಳಿದು ಬಂದರು, ಎಲ್ಲರೂ. ಅವರಲ್ಲಿ ಬೀದರ್ ಕಡೆಯವಳೊಬ್ಬಳು ಬಹಳ ಗಟ್ಟಿಗಿತ್ತಿ. "ಆಂಟಿ, ನೀವು ಅಲ್ಲೇ ನಿಂದುರ್ರಿ, ಕೈಯಾಗ ಕೊಡ್ರಿ," ಎಂದು ಎಲ್ಲರನ್ನೂ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿದಳು. ನಾನು ಕಪಾಟಿನಿಂದ ತೆಗೆದು ಕೊಡುವುದು, ಸೀರೆ ಕೈಯಿಂದ ಕೈಗೆ ಹತ್ತಿ ಮೇಲೆ ಹೋಗುವುದು, ಮೇಲೆ ಅತ್ತೆ ತೆಗೆದುಕೊಂಡು ಮಂಚದ ಮೇಲೆ ಜೋಡಿಸುವುದು. ಒಂದೊಂದು ರೇಷ್ಮೆ ಹೋಗುವಾಗಲೂ ಸಾಲಿನಿಂದ "ಸಖತ್ ಆಗಿದೆ!", "ಇದು ಯಾರ್ದು ಆಂಟಿ?" ಎಂದು ಉದ್ಗಾರ. ನೀರು ಏರುತ್ತಿದೆ, ಇವರಿಗೆ ಬಾರ್ಡರ್ ನೋಡುವ ಆಸೆ. ನನಗೆ ಅಳು ಬರಬೇಕಾಗಿತ್ತು, ನಗು ಬಂತು. ಕೊನೆಗೆ ಮಷೀನಿನ ಮೋಟರು ಕಳಚಿ, ಮಷೀನಿನ ತಲೆಗಳನ್ನು ಯಜಮಾನರೂ ಬೀದರ್ ಹುಡುಗಿಯೂ ಹೊತ್ತುಕೊಂಡು ಹತ್ತಿದರು. ಕಬ್ಬಿಣದ ಸ್ಟ್ಯಾಂಡುಗಳನ್ನು ಮಾತ್ರ ನೀರಿಗೆ ಬಿಟ್ಟೆವು.

ಅಷ್ಟು ಹೊತ್ತಿಗೆ ನೀರು ಮೊಣಕಾಲಿಗೆ ಬಂದು ಅಲ್ಲೇ ನಿಂತಿತು. ಕರೆಂಟ್ ತೆಗೆದಿದ್ದರು. ಹುಡುಗಿಯರ ಸಿಲಿಂಡರ್ ಖಾಲಿ, ನಮ್ಮದು ತುಂಬಿತ್ತು. ಹಾಗಾಗಿ ಎಲ್ಲರಿಗೂ ನಮ್ಮಲ್ಲೇ ಅಡುಗೆ. ಅತ್ತೆ ಸುಲಿದಿಟ್ಟಿದ್ದ ಅವರೆಕಾಳೆಲ್ಲ ಉಪ್ಪಿಟ್ಟಿಗೆ ಹೋಯಿತು. ಇಡೀ ಮನೆ ಸೀರೆ ಅಂಗಡಿಯಾಗಿತ್ತು. ಮಂಚದ ಮೇಲೆ, ಫ್ರಿಜ್ಜಿನ ಮೇಲೆ, ಟಿವಿಯ ಮೇಲೆ ಸೀರೆ. ಅತ್ತೆ ತಟ್ಟೆ ಹಿಡಿದುಕೊಂಡು ಬಂದವರನ್ನೆಲ್ಲ "ಕೈ ತೊಳ್ಕೊಳ್ಳಿ, ಎಣ್ಣೆ ಕೈಯಲ್ಲಿ ಮುಟ್ಟಬೇಡಿ" ಎಂದು ಗದರಿಸುತ್ತ ಬಾಗಿಲಲ್ಲೇ ಕಾವಲು ಕೂತರು.

ಮಧ್ಯಾಹ್ನ ಬೀದಿಯಲ್ಲಿ ಟ್ರ್ಯಾಕ್ಟರ್ ಸದ್ದಾಯಿತು. ಆಫೀಸಿಗೆ ಹೋಗಲೇಬೇಕಾದವರನ್ನು ಬನ್ನೇರುಘಟ್ಟ ರಸ್ತೆಗೆ ದಾಟಿಸಲು ಯಾರೋ ತಂದಿದ್ದ ಟ್ರ್ಯಾಕ್ಟರ್ ಅದು. ಅದರ ಟ್ರೈಲರಿನಲ್ಲಿ ಹಿಡಿಕೆ ಹಿಡಿದುಕೊಂಡು ನಿಂತಿದ್ದವರು ನಮ್ಮ ಮದುವಣಗಿತ್ತಿಯ ತಾಯಿ! ಜೆ.ಪಿ. ನಗರದಿಂದ ಹೆದರಿಕೊಂಡು ಬಂದಿದ್ದರು. ಪಕ್ಕದಲ್ಲಿ ತೋಳಿನ ಉದ್ದದ ಸೋದರತ್ತೆ.

"ಅಮ್ಮಾ, ಸೀರೆ?" ಎಂದು ಕೆಳಗಿನಿಂದಲೇ ಕೂಗಿದರು.

"ಒಂದು ದಾರ ನೆಂದಿಲ್ಲ ಮೇಡಂ!" ಎಂದು ನಾನು ಬಾಲ್ಕನಿಯಿಂದ ಧಾರೆ ಸೀರೆ ಎತ್ತಿ ತೋರಿಸಿದೆ.

ಅವರು ಟ್ರೈಲರಿನಲ್ಲಿದ್ದ ಅಪರಿಚಿತರನ್ನೆಲ್ಲ ನೋಡಿ, "ನನ್ನ ಮಗಳ ಮದುವೆ ಸೀರೆ ಸಾರ್," ಎಂದು ಕಣ್ಣೊರೆಸಿಕೊಂಡರು. ಆ ಸಾರ್‌ಗಳೂ ಲ್ಯಾಪ್‌ಟಾಪ್ ಬ್ಯಾಗು ತಲೆಯ ಮೇಲಿಟ್ಟುಕೊಂಡೇ "ಕಂಗ್ರಾಟ್ಸ್ ಆಂಟಿ" ಎಂದರು. ಟ್ರ್ಯಾಕ್ಟರ್ ಹೊರಡುವಾಗ ಸೋದರತ್ತೆ ತಿರುಗಿ, "ಹಾಗಾದ್ರೆ ತೋಳು ಸ್ವಲ್ಪ ಇಳಿಸೋಕಾಗುತ್ತಾ?" ಎಂದು ಕೇಳಿದರು. ನಮ್ಮ ಬಾಲ್ಕನಿಯ ನಗು ಬೀದಿಯ ತುದಿಗೆ ಕೇಳಿಸಿರಬೇಕು.

ಮಳೆ ನಿಂತ ಮೇಲೆ ನೀರು ಇಳಿಯಲು ಸಮಯ ಹಿಡಿಯಿತು. ಯಜಮಾನರಿಗಂತೂ ಕೈತುಂಬ ಕೆಲಸ. ಬಿಟಿಎಂ ಲೇಔಟಿನ ಅರ್ಧ ಸಂಪುಗಳ ಮೋಟರು ಅವರ ಅಂಗಡಿಯಲ್ಲಿತ್ತು. ನಾನು ಅಂಗಡಿ ತೊಳೆದು, ಕೆಸರು ಬಾಚಿ, ಫಿನಾಯಿಲ್ ಹಾಕಿ, ಬಾಗಿಲು ತೆರೆದಿಟ್ಟೆ. ಒಳ್ಳೆಯ ಬಿಸಿಲು ಬಂದಿತ್ತು. ಮೇಡಂ ನೋಡಿಕೊಂಡು ಹೋಗಲು ಬಂದರು. "ನಾನು ಹೇಳಿರಲಿಲ್ವಾ" ಎಂಬ ಮಾತು ಅವರ ಬಾಯಿಂದ ಬರಲಿಲ್ಲ, ಅದಕ್ಕೇ ಅವರ ಮೇಲೆ ನನಗೆ ಇನ್ನೂ ಗೌರವ.

ಮಾತಿಗೆ ಮಾತು ಬಂದು, "ಈ ನೀರೆಲ್ಲ ಇಳಿದು ಎಲ್ಲಿಗೆ ಹೋಯ್ತು ಮೇಡಂ?" ಎಂದು ಕೇಳಿದೆ.

ಅವರು ಒಣಗಿಸಿಟ್ಟಿದ್ದ ಲೈನಿಂಗ್ ತುಂಡೊಂದನ್ನು ಮೇಜಿನ ಮೇಲೆ ಹರಡಿ, ನನ್ನ ಗುರುತು ಹಾಕುವ ಚಾಕ್‌ಪೀಸು ತೆಗೆದುಕೊಂಡು ಗೆರೆ ಎಳೆಯತೊಡಗಿದರು. ಇಲ್ಲಿ ನಮ್ಮ ಕೆರೆ. ಇಲ್ಲಿಂದ ಅಗರ, ಬೆಳ್ಳಂದೂರು, ವರ್ತೂರು. ಅಲ್ಲಿಂದಾಚೆ ದಕ್ಷಿಣ ಪಿನಾಕಿನಿ ಹೊಳೆ. ನಂದಿಬೆಟ್ಟದ ಕಡೆ ಹುಟ್ಟಿ ಬರುವ ಆ ಹೊಳೆ ಹೊಸೂರು ದಾಟಿ, ಕೃಷ್ಣಗಿರಿ ದಾಟಿ, ಗುಡ್ಡಗಳ ನೀರನ್ನೆಲ್ಲ ಸೇರಿಸಿಕೊಂಡು, ದೊಡ್ಡದಾಗುತ್ತ ಆಗುತ್ತ ಪೂರ್ವಕ್ಕೆ. ಗೆರೆ ಬಟ್ಟೆಯ ಅಂಚಿಗೆ ಹೋಗಿ ನಿಂತಿತು.

"ಇಲ್ಲಿ ಸಮುದ್ರ. ಕಡಲೂರು," ಎಂದರು.

ನಾನು ಆ ಅಂಚನ್ನೇ ನೋಡಿದೆ. "ನಮ್ಮಕ್ಕ ಇರೋದು ಅಲ್ಲೇ ಮೇಡಂ. ಹೊಳೆಗೆ ಹತ್ತಿರಾನೇ ಮನೆ."

ಅವರ ಕೈ ನಿಂತಿತು. "ನಮ್ಮ ಬೀದಿ ನೀರು ಬಿಡು, ಅದು ಒಂದು ಚೊಂಬು. ಆದ್ರೆ ಕೃಷ್ಣಗಿರಿ, ಧರ್ಮಪುರಿ ಕಡೆ ಬಹಳ ಸುರಿದಿದೆಯಂತೆ, ಕೆರೆಗಳು ಒಡೆದಿವೆ. ಆ ಹೊಳೆಗೆ ಕಟ್ಟಿರೋ ಅಣೆಕಟ್ಟು ತುಂಬಿದ್ರೆ ಬಾಗಿಲು ತೆಗೀಲೇಬೇಕು. ಇವತ್ತೇ ಅಕ್ಕನಿಗೆ ಫೋನ್ ಮಾಡು."

ಮಾಡಿದೆ. ಅಕ್ಕ ಖುಷಿಯಲ್ಲಿದ್ದಳು. ಕರೆಂಟ್ ಬಂದಿತ್ತು, ಬಿಸಿಲು ಬಂದಿತ್ತು, ಹಾಸಿಗೆಗಳನ್ನೆಲ್ಲ ಒಣಗಲು ಹಾಕಿದ್ದಳು. ನಾನು ಹೊಳೆಯ ವಿಷಯ ಹೇಳಿದೆ. ಅವಳು ಸ್ಪೀಕರ್ ಹಾಕಿ ಭಾವನನ್ನು ಕರೆದಳು.

"ನೀರಾ? ಯಾವ ನೀರು ಮಾ?" ಎಂದು ಭಾವ ನಕ್ಕರು. "ಆಕಾಶ ನೋಡು, ನೀಲಿ! ಒಂದು ಮೋಡ ಇಲ್ಲ. ನಾನು ಬೆಳಿಗ್ಗೆನೇ ಹೊಳೆ ನೋಡ್ಕೊಂಡು ಬಂದೆ. ಸ್ವಲ್ಪಾನೇ ಇದೆ. ದನ ಮೇಯ್ತಾ ಇದೆ."

"ಭಾವ, ನಾನು ಹೇಳ್ತಿರೋದು ನಿಮ್ಮೂರಿನ ಮಳೆ ಅಲ್ಲ. ಮೇಲೆ ಕೃಷ್ಣಗಿರಿ ಕಡೆ ಬಂದಿರೋದು. ಅದು ನಡ್ಕೊಂಡು ಬರೋಕೆ ಟೈಮ್ ಬೇಡ್ವಾ?"

"ನಡ್ಕೊಂಡು ಬರಲಿ. ಬಂದ್ರೆ ನಾನೇ ಕಾಫಿ ಕೊಡ್ತೀನಿ!"

ಅವರ ಜೊತೆ ವಾದ ಮಾಡಿ ಗೆದ್ದವರು ಯಾರೂ ಇಲ್ಲ, ನಮ್ಮ ಅಪ್ಪನೂ ಸೇರಿ. ಫೋನಿಟ್ಟ ಮೇಲೆ ಮನಸ್ಸು ತಡೆಯಲಿಲ್ಲ. ನಮ್ಮ ಬೀದಿಯಲ್ಲಿ ನೀರು ಬಂದ ವಿಡಿಯೋ, ಹುಡುಗಿಯರು ತೆಗೆದದ್ದು, ಅಕ್ಕನಿಗೆ ಕಳಿಸಿ ಮತ್ತೆ ಅವಳೊಬ್ಬಳಿಗೇ ಫೋನು ಮಾಡಿದೆ.

"ಅಕ್ಕಾ, ನಾನೂ ಮೇಡಂ ಹೇಳಿದಾಗ ಕೇಳ್ಲಿಲ್ಲ. ಲೈನಿಂಗೆಲ್ಲ ಹಾಳಾಯ್ತು. ನೀನು ಭಾವನ್ನ ಒಪ್ಪಿಸೋಕೆ ಹೋಗ್ಬೇಡ. ಸಾಮಾನು ಮೇಲೆ ಹಾಕು, ಸಾಕು."

ಅಕ್ಕ ದನಿ ತಗ್ಗಿಸಿದಳು. "ಹಾಕಿದ್ರೆ ಇವರು ಊರಿಗೆಲ್ಲ ಹೇಳ್ಕೊಂಡು ನಗ್ತಾರೆ. ಇರು, ನಂಗೊಂದು ಉಪಾಯ ಇದೆ."

ಉಪಾಯ ಏನೆಂದು ಆಮೇಲೆ ಗೊತ್ತಾಯಿತು. ಗಾಳಿಮಳೆಗೆ ಗೋಡೆ ಹಾಳಾಗಿದೆ, ಪೊಂಗಲ್ಲಿಗೆ ಮೊದಲೇ ಸುಣ್ಣ ಬಳಿಸಬೇಕು, ಸುಣ್ಣದವನು ನಾಳೆಯೇ ಬರುತ್ತಾನೆ, ಎಲ್ಲವನ್ನೂ ಮೇಲಿನ ಕೋಣೆಗೆ ಸಾಗಿಸಿ ಎಂದಳಂತೆ. ಭಾವ ಹೊಳೆಗೆ ಹೆದರದವರು, ಅಕ್ಕನ ಸುಣ್ಣಕ್ಕೆ ಹೆದರಿದರು. ಗೊಣಗುತ್ತ, ಬೆವರುತ್ತ ಅಕ್ಕಿ ಮೂಟೆ, ಮಿಕ್ಸಿ, ಟಿವಿ, ಹಾಸಿಗೆ ಎಲ್ಲ ಹೊತ್ತು ಹಾಕಿದರು. ಪಕ್ಕದ ಮನೆಯಾಕೆಗೂ ಅಕ್ಕ ಗುಟ್ಟಾಗಿ ಹೇಳಿದ್ದಳು. ಆಕೆಯೂ ಗಂಡನಿಗೆ ಸುಣ್ಣದ ಕಥೆಯನ್ನೇ ಹೇಳಿದಳು. ಅವಳಿಂದ ಎದುರು ಮನೆಗೆ ಹೋಯಿತು. ಅವತ್ತು ಆ ಬೀದಿಯ ಗಂಡಸರೆಲ್ಲ, ಒಬ್ಬನೇ ಸುಣ್ಣದವನು ಇಷ್ಟು ಮನೆಗೆ ಹೇಗೆ ಬರುತ್ತಾನೆ ಎಂದು ಯೋಚಿಸದೆ, ಬೀರು ಹೊರುತ್ತಿದ್ದರಂತೆ.

ಮಾರನೆಯ ದಿನ ಆಟೋದಲ್ಲಿ ಮೈಕು ಕಟ್ಟಿಕೊಂಡು ಬಂದು ಸರ್ಕಾರದವರು ಕೂಗಿದರು: ಅಣೆಕಟ್ಟಿನ ಬಾಗಿಲು ತೆಗೆದಿದ್ದಾರೆ, ಹೊಳೆ ಪಕ್ಕದವರು ಎತ್ತರಕ್ಕೆ ಹೋಗಿ. ಆ ಬೀದಿಯವರಿಗೆ ಸಾಗಿಸಲು ಮನುಷ್ಯರು ಮಾತ್ರ ಉಳಿದಿದ್ದರು. ಮುದುಕರನ್ನು ಶಾಲೆಯ ಕಟ್ಟಡಕ್ಕೆ ಕರೆದುಕೊಂಡು ಹೋಗಿ ಬಿಟ್ಟರು, ದನ ಬಿಚ್ಚಿ ಹೊಡೆದರು, ಮಹಡಿ ಇದ್ದವರು ಮಹಡಿ ಹತ್ತಿದರು. ಮಧ್ಯಾಹ್ನ ಉರಿಬಿಸಿಲಿನಲ್ಲಿ, ನೀಲಿ ಆಕಾಶದ ಕೆಳಗೆ, ಹೊಳೆ ಬಂತು.

ನಾನು ಇಲ್ಲಿ ಕೈಯಲ್ಲಿ ಕೆಲಸ ಹಿಡಿಯಲಾಗದೆ ಕೂತಿದ್ದಾಗ ಭಾವನ ಫೋನು. ದನಿಯಲ್ಲಿ ಮೊದಲಿನ ಅಬ್ಬರ ಇರಲಿಲ್ಲ.

"ಬಂತು ಮಾ," ಎಂದರು. "ಒಂದು ಹನಿ ಮಳೆ ಇಲ್ದೆ ಬಂತು. ಕಿಟಕಿ ತನಕ ಇದೆ. ನಾವು ಮಹಡಿ ಮೇಲೆ. ಎಲ್ಲಾ ಸಾಮಾನು ಇಲ್ಲೇ ಇದೆ."

"ಯಾರಿಗೂ ಏನೂ ಆಗಿಲ್ವಲ್ಲ ಭಾವ?"

"ಇಲ್ಲ, ಇಲ್ಲ. ನಮ್ಮ ಬೀದಿಲಿ ಎಲ್ಲಾ ಚೆನ್ನಾಗಿದ್ದಾರೆ." ಆಮೇಲೆ ತಗ್ಗಿದ ದನಿಯಲ್ಲಿ, "ಸುಣ್ಣದವನು ಬರಲ್ವಂತೆ. ನಿಮ್ಮಕ್ಕ ಈಗ ಹೇಳಿದ್ಲು. ನೀವಿಬ್ರೂ ಸೇರ್ಕೊಂಡು ನಂಗೆ ಏಮಾತ್ತಿದ್ರಾ?" ಎಂದರು.

ಮೋಸ ಮಾಡಿದಿರಾ ಎಂದು ಕೇಳುತ್ತಿದ್ದರು. ಹಿಂದಿನಿಂದ ಅಕ್ಕ ನಗುವುದು ಕೇಳಿಸಿತು. ನನಗೆ ಮಾತ್ರ ಆಗ ನಗಲಾಗಲಿಲ್ಲ. "ಹೂಂ ಭಾವ," ಎಂದೆ. ಅವರೇ ನಕ್ಕರು.

ಜೆ.ಪಿ. ನಗರದ ಮದುವೆ ಚೆನ್ನಾಗಿ ನಡೆಯಿತು. ಅದು ಮುಗಿದ ಮೇಲೆ ನಾನೂ ಯಜಮಾನರೂ ಕಡಲೂರಿಗೆ ಹೋದೆವು. ಅವರು ಅಲ್ಲಿ ಸಿಕ್ಕ ಮೋಟರುಗಳನ್ನೆಲ್ಲ ಬಿಚ್ಚಿ ಒಣಗಿಸುತ್ತ ಕೂತರು. ನಾನು ಅಕ್ಕನ ಜೊತೆ ನೆಲ ಉಜ್ಜಿದೆ. ಹೊಳೆ ತಂದ ಕೆಸರು ನಮ್ಮ ಬೀದಿಯ ಕೆಸರಿನ ಹಾಗಲ್ಲ. ನುಣ್ಣಗೆ, ಗಂಧ ತೇಯ್ದ ಹಾಗೆ, ಎಷ್ಟು ಬಾಚಿದರೂ ಇನ್ನೊಂದು ಪದರ. ಹೊಳೆಯಾಚೆಯ ಗದ್ದೆಗಳಲ್ಲಿ ಭತ್ತ ಮಲಗಿತ್ತು. ಅಲ್ಲಿನವರ ಮುಖ ನೋಡಲು ಕಷ್ಟವಾಯಿತು. ಅಕ್ಕ ದಿನಾ ಒಂದು ದೊಡ್ಡ ಪಾತ್ರೆ ಸಾಂಬಾರ್ ಮಾಡಿ ಅತ್ತ ಕಳಿಸುತ್ತಿದ್ದಳು. ಭಾವನೇ ಹೊತ್ತುಕೊಂಡು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಮಹಡಿಯ ಮೇಲೆ ಮೀನು ಸಾರು ಊಟ ಮಾಡುತ್ತಿದ್ದಾಗ ಪಕ್ಕದ ಮನೆಯಾಕೆ ಬಂದು ನನ್ನ ಬ್ಲೌಸಿನ ಬೆನ್ನು ನೋಡಿ ಅಕ್ಕನ ಹತ್ತಿರ ತಮಿಳಿನಲ್ಲಿ ಏನೋ ಕೇಳಿದಳು.

"ಇದು ನೀನೇ ಹೊಲಿದಿದ್ದಾ ಅಂತಾವ್ರೆ," ಎಂದಳು ಅಕ್ಕ. "ಅವರ ಟೈಲರ್ ಅಂಗಡಿ ಇನ್ನೂ ಬಾಗಿಲು ತೆಗೆದಿಲ್ವಂತೆ. ಪೊಂಗಲ್ಲಿಗೆ ಬೇಕಂತೆ. ಊರಿಗೆ ಹೋಗಿ ಹೊಲಿದು ಕಳಿಸ್ತೀಯಾ?"

ಹೂಂ ಎಂದೆ. ಆಕೆ ಎದುರು ಮನೆಯಾಕೆಯನ್ನು ಕರೆದಳು, ಅವಳು ಇನ್ನೊಬ್ಬಳನ್ನು. ನಾನು ಕೈ ತೊಳೆದು ಬರುವಷ್ಟರಲ್ಲಿ ಮಹಡಿಯ ಮೇಲೆ ಹೆಂಗಸರು ಸಾಲಾಗಿ ನಿಂತಿದ್ದರು. ಅಳತೆ ಟೇಪು ತಂದಿರಲಿಲ್ಲ. ಭಾವ ಕೆಳಗಿಳಿದು ಹೋಗಿ, ಮರಗೆಲಸದವರು ಬಳಸುವ ಸ್ಟೀಲ್ ಟೇಪನ್ನು ಎಲ್ಲಿಂದಲೋ ತಂದುಕೊಟ್ಟರು. ಅದು ಸೊಂಟಕ್ಕೆ ಸುತ್ತಿದರೆ ಟಪ್ಪೆಂದು ವಾಪಸ್ಸು ಹಾರುತ್ತಿತ್ತು, ಹಾರಿದಾಗಲೆಲ್ಲ ಹೆಂಗಸರು ಕಿರುಚಿ ನಗುತ್ತಿದ್ದರು. ಕೊನೆಗೆ ಅಕ್ಕ ಸೆಣಬಿನ ಹುರಿಯೊಂದು ಹುಡುಕಿ ತಂದಳು. ನಾನು ಹುರಿಯಲ್ಲಿ ಅಳೆದು, ಸ್ಟೀಲ್ ಟೇಪಿನಲ್ಲಿ ಓದಿ ಹೇಳಿದೆ, ಅವಳು ಬರೆದುಕೊಂಡಳು. ಸಂಜೆಯಾದರೂ ಸಾಲು ಮುಗಿಯಲಿಲ್ಲ.